ಬೆಳ್ಳಿ ಡಾಬಿನ ಏಳು ಹರಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸುವರ್ಣ ಮಹೋತ್ಸವದಲ್ಲಿ ಬೆಳ್ಳಿಯ ವಿಷಯ ಮಾತಾಡುತ್ತೇನೆ ಎಂದಾಗ ಸಮಿತಿಯ ಗೆಳೆಯರು ನಕ್ಕರು. "ಬೆಳ್ಳಿ ಹಬ್ಬ ಇಪ್ಪತ್ತೈದು ವರ್ಷದ ಹಿಂದೇನೇ ಮುಗೀತಲ್ಲಪ್ಪ" ಅಂದರು. ಏನು ಮಾಡಲಿ, ನನಗೆ ಗೊತ್ತಿರುವುದು ಬೆಳ್ಳಿ ಒಂದೇ. ಮೂವತ್ತು ವರ್ಷಕ್ಕೂ ಮೇಲಾಯಿತು, ಬೆಳ್ಳಿ ಒಡವೆ ಮಾಡುತ್ತಾ, ಅದರಲ್ಲಿ ಹರಳು ಕೂರಿಸುತ್ತಾ ಅನ್ನ ತಿನ್ನುತ್ತಿದ್ದೇನೆ. ನಾನು ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನಲ್ಲ. ಕಡ್ಲೆಕಾಯಿ ಬೆಳೆಯುವ ಮನೆಯವನು. ಈ ಕಸುಬಿಗೆ ನಾನು ಬಂದದ್ದು ಈ ಶಾಲೆಯ ಒಂದು ಕೋಣೆಯಿಂದ. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ನಿಮಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಬೆಳ್ಳಿ ಡಾಬು ಇತ್ತು. ನಮ್ಮಜ್ಜಿಯ ಮದುವೆಗೆ ಅವರಪ್ಪ ಮಾಡಿಸಿಕೊಟ್ಟದ್ದು. ಒಂದು ವರ್ಷ ಫಸಲು ಚೆನ್ನಾಗಿ ಬಂದು ಕೈಯಲ್ಲಿ ಕಾಸು ಓಡಾಡಿತಂತೆ. ಮೂವತ್ತೆರಡು ಬೆಳ್ಳಿ ರೂಪಾಯಿಗಳನ್ನು ಅಕ್ಕಸಾಲಿಗರ ಕೈಗೆ ಕೊಟ್ಟು ಕರಗಿಸಿ ಮಾಡಿಸಿದರಂತೆ. ನಡುವಿನ ಬಿಲ್ಲೆಯಲ್ಲಿ ಒಂದು ದೊಡ್ಡ ಕೆಂಪು ಹರಳು, ಅದರ ಸುತ್ತ ಆರು ಚಿಕ್ಕ ಕೆಂಪು. ಅಜ್ಜಿಯಿಂದ ಅದು ನಮ್ಮವ್ವನಿಗೆ ಬಂತು. ಅವ್ವ ಅದನ್ನು ಜಾತ್ರೆಗೆ ಒಂದು ದಿನ, ಮದುವೆಗೆ ಒಂದು ದಿನ ಕಟ್ಟಿಕೊಳ್ಳುತ್ತಿದ್ದಳು. ಮಿಕ್ಕ ದಿನ ಅದು ಕಾಳಿನ ಮಡಕೆಯೊಳಗೆ ಇರುತ್ತಿತ್ತು.

ಎಂಬತ್ತರ ದಶಕದ ಬರ ಇಲ್ಲಿರುವ ನನ್ನ ವಾರಿಗೆಯವರಿಗೆಲ್ಲ ನೆನಪಿದೆ. ಕೆರೆ ಬಿರುಕು ಬಿಟ್ಟಿತ್ತು. ಹೊಲಕ್ಕೆ ಹಾಕಿದ ಕಡ್ಲೆಕಾಯಿ ಬೀಜ ಹುಟ್ಟಲೇ ಇಲ್ಲ. ನಾನಾಗ ಹತ್ತನೇ ತರಗತಿ. ಮುಂದಿನ ವರ್ಷದ ಬಿತ್ತನೆ ಬೀಜಕ್ಕೆ ದುಡ್ಡಿಲ್ಲದೆ ಅವ್ವ ಡಾಬನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಪೇಟೆಗೆ ಹೋದಳು. ಅಂಗಡಿಯವನು ಡಾಬನ್ನು ಅತ್ತಿತ್ತ ತಿರುಗಿಸಿ ನೋಡಿ, ಒಂದು ಚಿಮಟ ತೆಗೆದುಕೊಂಡು ಟಕ್ ಟಕ್ ಅಂತ ಏಳು ಹರಳನ್ನೂ ಕಿತ್ತ. ಹಳೇ ಪೇಪರಿನ ಚೂರಿನಲ್ಲಿ ಕಟ್ಟಿ ಅವ್ವನ ಕೈಗಿಟ್ಟ. "ಕಲ್ಲಿಗೆ ತೂಕ ಉಂಟಮ್ಮ, ಬೆಲೆ ಇಲ್ಲ" ಅಂದ. ಬಿಲ್ಲೆಯೊಳಗೆ ಅರಗು ತುಂಬಿದೆ ಅಂತ ಒಂದಿಷ್ಟು ತೂಕ ಕಳೆದ, ಬೆಸುಗೆ ಜಾಸ್ತಿ ಇದೆ ಅಂತ ಇನ್ನೊಂದಿಷ್ಟು ಕಳೆದ. ಮಿಕ್ಕಿದ್ದಕ್ಕೆ ದುಡ್ಡು ಎಣಿಸಿದ. ಬಸ್ಸಿನಲ್ಲಿ ಬರುವಾಗ ಅವ್ವ ಮಾತಾಡಲಿಲ್ಲ. ಆ ಪೊಟ್ಟಣವನ್ನು ಕುಂಕುಮದ ಡಬ್ಬಿಯೊಳಗೆ ಇಟ್ಟಳು.

ಅಂಗಡಿಯವನು ಮೋಸ ಮಾಡಿದ ಅಂತ ನಾನು ಹೇಳುತ್ತಿಲ್ಲ. ಈ ಕಸುಬಿಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಕರಗಿಸಲು ಕೊಳ್ಳುವವನಿಗೆ ಹರಳು ಬೇಡ, ಕೆಲಸದ ನಯವೂ ಬೇಡ. ಆದರೆ ಅವತ್ತು ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಆ ಏಳು ಕಲ್ಲು ಏನು? ನಿಜವಾಗಿಯೂ ಅದಕ್ಕೆ ಬೆಲೆ ಇಲ್ಲವೇ?

ಅವ್ವನಿಗೆ ಹೇಳದೆ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬಂದೆ. ನಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರು ಒಂದು ಬಿಳಿ ಬೆಣಚುಕಲ್ಲು ತಂದರು. ನಮ್ಮ ಹೊಲಗಳಲ್ಲಿ ಬೇಕಾದಷ್ಟು ಬಿದ್ದಿರುತ್ತದಲ್ಲ, ಅದೇ. ಗಟ್ಟಿಯಾದದ್ದು ಮೆತ್ತನೆಯದನ್ನು ಗೀರುತ್ತದೆ, ಮೆತ್ತನೆಯದು ಗಟ್ಟಿಯಾದದ್ದನ್ನು ಗೀರಲಾರದು ಎಂದು ಬೋರ್ಡಿನ ಮೇಲೆ ಬರೆದರು. ಕಲ್ಲುಗಳ ಗಟ್ಟಿತನಕ್ಕೆ ಒಂದರಿಂದ ಹತ್ತರವರೆಗೆ ಒಂದು ಏಣಿ ಇದೆ, ಅದನ್ನು ಮೋಸ್ ಎಂಬ ಜರ್ಮನ್ ವಿಜ್ಞಾನಿ 1812ರಲ್ಲಿ ಮಾಡಿದ ಎಂದರು. ಕಿಟಕಿಯ ಗಾಜು ಐದೂವರೆಯ ಹತ್ತಿರ, ಬೆಣಚು ಏಳು, ಕೆಂಪು ಮತ್ತು ನೀಲ ಒಂಬತ್ತು, ವಜ್ರ ಹತ್ತು. ಆಮೇಲೆ ಒಂದೊಂದೇ ಹರಳಿನ ಅಂಚನ್ನು ಬೆಣಚಿನ ಮೇಲೆ ಎಳೆದರು. ನಾಲ್ಕು ಹರಳು ಬೆಣಚಿನ ಮೇಲೆ ಪುಡಿ ಬಿಟ್ಟವು. ಅವು ಗಾಜು. ಮೂರು ಹರಳು ಬೆಣಚನ್ನೇ ಗೀರಿದವು. ನಡುವಿನ ದೊಡ್ಡದೂ ಆ ಮೂರರಲ್ಲಿ ಒಂದು.

ಮೇಷ್ಟ್ರು ಬೀರುವಿನಿಂದ ಇನ್ನೊಂದು ಕಲ್ಲು ತೆಗೆದರು. ಹೆಬ್ಬೆರಳಿನಷ್ಟು ದಪ್ಪ, ಬೂದು ಬಣ್ಣ, ಒಂದು ಕಡೆ ಸ್ವಲ್ಪ ಗುಲಾಬಿ ಛಾಯೆ. ಆರು ಮುಖ, ನಡುವೆ ಉಬ್ಬಿ ತುದಿಯಲ್ಲಿ ಸಣ್ಣಗಾದ ಪೀಪಾಯಿಯ ಆಕಾರ. "ಇದು ಪಾವಗಡದ ಕಡೆಯದು, ಕುರುಂದದ ಕಲ್ಲು. ನಿಮ್ಮಜ್ಜಿಯ ಕೆಂಪು ಇದರ ತಂಗಿ" ಅಂದರು. ನನ್ನ ಬದುಕು ತಿರುಗಿದ್ದು ಆ ಮಾತಿನಿಂದ.

ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುರುಂದ ಅಂದರೆ ಅಲ್ಯುಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಅಪ್ಪಟವಾಗಿದ್ದರೆ ಅದಕ್ಕೆ ಬಣ್ಣವಿಲ್ಲ. ಅದರೊಳಗೆ ಚೂರು ಕ್ರೋಮಿಯಂ ಸೇರಿಕೊಂಡರೆ ಕೆಂಪು, ಅದೇ ಮಾಣಿಕ್ಯ. ಕಬ್ಬಿಣ ಮತ್ತು ಟೈಟಾನಿಯಂ ಸೇರಿಕೊಂಡರೆ ನೀಲ. ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೋಗುವವರಲ್ಲಿ ಎಷ್ಟೋ ಜನ ಬೆರಳಿಗೆ ನೀಲದ ಉಂಗುರ ಹಾಕಿರುತ್ತಾರೆ. ಆ ನೀಲವೂ ಕುರುಂದವೇ, ಅವರು ನಡೆದು ಹೋಗುವ ತಾಲ್ಲೂಕಿನ ಮಣ್ಣಿನಲ್ಲಿ ಸಿಗುವುದೂ ಕುರುಂದವೇ. ನಮ್ಮ ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ ಭಾಗಗಳಲ್ಲಿ, ಹಾಸನ, ಮಂಡ್ಯ, ಮೈಸೂರು ಕಡೆಗಳಲ್ಲಿ ಅದು ಸಿಗುತ್ತದೆ. ಮೈಸೂರು ಕಡೆಯ ಕೆಲವು ಕೆಂಪಿನಲ್ಲಿ ಬಿಸಿಲಿಗೆ ಹಿಡಿದರೆ ಆರು ಕಾಲಿನ ನಕ್ಷತ್ರ ಮೂಡುತ್ತದೆ. ಕಲ್ಲಿನೊಳಗೆ ಕೂದಲಿಗಿಂತ ಸಣ್ಣ ಸೂಜಿಗಳಂಥ ಇನ್ನೊಂದು ಖನಿಜ ಮೂರು ದಿಕ್ಕಿಗೆ ಸಾಲಾಗಿ ಮಲಗಿರುವುದರಿಂದ ಹಾಗೆ ಕಾಣುತ್ತದೆ.

ಹಾಗೆಂದು ನಾಳೆಯಿಂದ ಯಾರೂ ಹೊಲ ಅಗೆಯಲು ಹೋಗಬೇಡಿ. ನಮ್ಮ ಕಡೆಯ ಕುರುಂದದಲ್ಲಿ ಹೆಚ್ಚಿನದು ಮಬ್ಬು ಕಲ್ಲು, ಒಡವೆಗೆ ಬರುವಂಥದ್ದಲ್ಲ. ಅದರ ಉಪಯೋಗ ಬೇರೆ ಇತ್ತು. ಅದನ್ನು ಕುಟ್ಟಿ ಪುಡಿ ಮಾಡಿ, ಅರಗಿನ ಜೊತೆ ಕಲಸಿ ಚಕ್ರ ಮಾಡಿದರೆ ಸಾಣೆಚಕ್ರ. ಕತ್ತಿ ಮಸೆಯುವುದರಿಂದ ಹಿಡಿದು ಹರಳು ಉಜ್ಜಿ ಹೊಳಪು ಕೊಡುವವರೆಗೆ ಅದೇ ಬೇಕಿತ್ತು. ಇಂಗ್ಲಿಷಿನವರು ಹೇಳುವ ಕೊರಂಡಮ್ ಎಂಬ ಮಾತೂ ನಮ್ಮ ಕಡೆಯ ಕುರುಂದ, ಕುರುವಿಂದ ಎಂಬ ಮಾತಿನಿಂದಲೇ ಹೋದದ್ದು. ಅಮೆರಿಕದ ಅಚೆಸನ್ ಎಂಬಾತ 1891ರಲ್ಲಿ ಕುಲುಮೆಯಲ್ಲಿ ಕಾರ್ಬೊರಂಡಮ್ ಎಂಬ ಗಟ್ಟಿ ಪದಾರ್ಥ ತಯಾರಿಸಿದ. ಕಾರ್ಖಾನೆಯ ಸಾಣೆಕಲ್ಲು ಅಗ್ಗವಾದ ಮೇಲೆ ಹೊಲದ ಕುರುಂದವನ್ನು ಕೇಳುವವರು ಕಡಿಮೆಯಾದರು. ನಮ್ಮ ಮಣ್ಣು ಹೊರಗಿನ ಪೇಟೆಗೆ ಕೊಟ್ಟಿದ್ದ ಒಂದು ಮಾಲು, ಒಂದು ಮಾತು, ಎರಡೂ ನಮಗೇ ಮರೆತುಹೋದವು.

ಈಗ ಬೆಳ್ಳಿಗೆ ಬರೋಣ. ಅಜ್ಜಿಯ ಡಾಬಿಗೆ ಮೂವತ್ತೆರಡು ರೂಪಾಯಿ ಹೋಯಿತು ಎಂದೆನಲ್ಲ, ಅದು ಬೆಲೆಯ ಲೆಕ್ಕವಲ್ಲ, ತೂಕದ ಲೆಕ್ಕ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತು. ಅಂದರೆ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಮಿಕ್ಕದ್ದು ಬೇರೆ ಲೋಹ. 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು, 1947ರಲ್ಲಿ ರೂಪಾಯಿ ನಾಣ್ಯವೇ ನಿಕ್ಕಲ್ ಆಯಿತು. ಅದಕ್ಕೇ ಹಳೆಯ ಮುದುಕಿಯರು ರಾಣಿ ತಲೆ, ರಾಜನ ತಲೆ ನೋಡಿ ರೂಪಾಯಿ ಆರಿಸಿ ಎತ್ತಿಡುತ್ತಿದ್ದರು. ಅವರಿಗೆ ಲೋಹಶಾಸ್ತ್ರ ಓದದೆಯೂ ಗೊತ್ತಿತ್ತು. ಇವತ್ತು ಅಂಗಡಿಯಲ್ಲಿ 925 ಎಂದು ಮುದ್ರೆ ಒತ್ತಿದ ಬೆಳ್ಳಿಯಲ್ಲಿ 92.5 ಪಾಲು ಬೆಳ್ಳಿ, ಮಿಕ್ಕದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗೆ, ಒಡವೆಗೆ ನಿಲ್ಲುವುದಿಲ್ಲ. ತಾಮ್ರ ಸೇರಿದರೆ ಗಟ್ಟಿ. ನಮ್ಮಜ್ಜಿಯ ನಾಣ್ಯಕ್ಕೂ ಇವತ್ತಿನ 925ಕ್ಕೂ ಒಂದು ಪಾಲಿನಷ್ಟೂ ವ್ಯತ್ಯಾಸ ಇಲ್ಲ.

ನಮ್ಮ ಸೀಮೆಯಲ್ಲಿ ಬೆಳ್ಳಿಯೇ ಹೆಣ್ಣುಮಕ್ಕಳ ಬ್ಯಾಂಕು. ಕಾಲುಕಡಗ, ಗೆಜ್ಜೆ, ಕಾಲುಂಗುರ, ಡಾಬು, ತೋಳಬಂದಿ, ಮಕ್ಕಳ ಉಡಿದಾರ. ತಾಂಡಾಗಳಲ್ಲಿ ನಾಣ್ಯದ ಸರ, ಕೊರಳ ಹಾಸಲಿ, ಕೂದಲಿನ ಎರಡು ಕಡೆ ತೂಗುವ ಟೋಪ್ಲಿ. ಲಿಂಗವಂತರ ಮನೆಗಳಲ್ಲಿ ಬೆಳ್ಳಿ ಕರಡಿಗೆ. ಮಳೆ ಬಂದ ವರ್ಷ ಬೆಳ್ಳಿ ಮನೆಗೆ ಬರುತ್ತಿತ್ತು, ಮಳೆ ಹೋದ ವರ್ಷ ಬೆಳ್ಳಿ ಮನೆ ಬಿಡುತ್ತಿತ್ತು. 2020ರ ಕೊನೆಯಲ್ಲಿ ಹೇಮಾವತಿ ನೀರು ನಮ್ಮ ಮದಲೂರು ಕೆರೆಗೆ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಮೊಬೈಲಿನಲ್ಲಿ ಆ ನೀರು ನೋಡಿದಾಗ ನನಗೆ ಮೊದಲು ನೆನಪಾದದ್ದು ಅವ್ವನ ಡಾಬು. ಈ ನೀರು ಆವಾಗ ಬಂದಿದ್ದರೆ ಅದು ಇರುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಒಬ್ಬ ವಯಸ್ಸಾದ ಅಕ್ಕಸಾಲಿಗರ ಹತ್ತಿರ ಸೇರಿದೆ. ಅವರನ್ನು ಎಲ್ಲರೂ ಆಚಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅವರು ಮೊದಲು ಚಿನ್ನದ ಕೆಲಸದವರು. 1963ರಲ್ಲಿ ಚಿನ್ನ ನಿಯಂತ್ರಣದ ಕಾನೂನು ಬಂತು. ಹದಿನಾಲ್ಕು ಕ್ಯಾರಟ್‌ಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ ಎಂದರು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಕುಲುಮೆ ಆರಿತು. ಬೇರೆ ಕೆಲಸ ಗೊತ್ತಿಲ್ಲದ ಎಷ್ಟೋ ಮನೆಗಳು ಹಾಳಾದವು. ಆಚಾರ್ರು ಆಗ ಬೆಳ್ಳಿಗೆ ಬಂದವರು, ಮತ್ತೆ ಚಿನ್ನಕ್ಕೆ ಹೋಗಲಿಲ್ಲ. ಆ ಕಾನೂನನ್ನು ಪೂರ್ತಿ ತೆಗೆದದ್ದು 1990ರಲ್ಲಿ. "ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಅಂತ ಗಾದೆ ಮಾಡಿದ್ದಾರೆ. ಅಕ್ಕಸಾಲಿಯ ಅನ್ನ ಯಾರು ಕಿತ್ತರು ಅಂತ ಯಾರೂ ಗಾದೆ ಮಾಡಲಿಲ್ಲ" ಎಂದು ಅವರು ಆಗಾಗ ಹೇಳುತ್ತಿದ್ದರು.

ಅಕ್ಕಸಾಲಿ ಮನೆಯವನಲ್ಲದ ಹುಡುಗನಿಗೆ ಕೆಲಸ ಕಲಿಸಿದ್ದಕ್ಕೆ ಅವರ ಕಡೆಯವರೂ ಆಡಿಕೊಂಡರು, ನಮ್ಮ ಕಡೆಯವರೂ ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ವರ್ಷ ನನ್ನ ಕೆಲಸ ಕಸ ಗುಡಿಸುವುದು. ಆ ಕಸವನ್ನೂ ಎಸೆಯುವಂತಿಲ್ಲ, ಜಾಲಿಸಿದರೆ ಅದರಲ್ಲಿ ಬೆಳ್ಳಿಯ ಪುಡಿ ಸಿಗುತ್ತದೆ. ಎರಡನೇ ವರ್ಷ ಊದುಗೊಳವೆ ಕೈಗೆ ಬಂತು. ಹರಳು ಮುಟ್ಟಲು ಬಿಟ್ಟದ್ದು ನಾಲ್ಕನೇ ವರ್ಷ.

ಕೈಯಲ್ಲಿ ಒಂದು ಬೆಳ್ಳಿ ಒಡವೆ ಹೇಗೆ ಆಗುತ್ತದೆ ಎಂದು ಹೇಳುತ್ತೇನೆ, ಕೇಳಿ. ಮೂಸೆಯಲ್ಲಿ ಬೆಳ್ಳಿ ಹಾಕಿ, ಬಿಳಿಗಾರ ಉದುರಿಸಿ ಕಾಯಿಸಬೇಕು. ಅಪ್ಪಟ ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ. ತಾಮ್ರ ಸೇರಿದರೆ ಅದಕ್ಕಿಂತ ಕಡಿಮೆಯಲ್ಲೇ ಕರಗುತ್ತದೆ. ಅಚ್ಚಿಗೆ ಹುಯ್ದ ಗಟ್ಟಿಯನ್ನು ಬಡಿದು ತಗಡು ಮಾಡಬೇಕು. ಬಡಿಯುತ್ತಾ ಹೋದ ಹಾಗೆ ಬೆಳ್ಳಿ ಬಿರುಸಾಗುತ್ತದೆ. ಬಲವಂತ ಮಾಡಿದರೆ ಸೀಳುತ್ತದೆ. ಆಗ ಅದನ್ನು ಮತ್ತೆ ಕೆಂಪಗೆ ಕಾಸಿ ಹದಕ್ಕೆ ತರಬೇಕು. ತಂತಿ ಬೇಕಾದರೆ ಉಕ್ಕಿನ ಪಟ್ಟಿಯ ತೂತುಗಳಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಒಂದೊಂದಾಗಿ ಎಳೆಯಬೇಕು. ಬೆಸುಗೆ ಹಾಕಿದಾಗ ಕಪ್ಪಾದ ಮೈಯನ್ನು ಹುಣಸೆ ಹುಳಿಯ ನೀರಿನಲ್ಲಿ ಕುದಿಸಿ ಬಿಳುಪು ಮಾಡಬೇಕು.

ಹರಳಿನ ಕೆಲಸ ಎಲ್ಲಕ್ಕಿಂತ ಕಡೆಗೆ. ಯಾಕೆಂದರೆ ಬೆಂಕಿ ಮುಗಿದ ಮೇಲೇ ಕಲ್ಲು ಕೂರಬೇಕು. ಹರಳಿನ ಅಳತೆಗೆ ತೆಳು ತಗಡಿನ ಗೋಡೆ ಕಟ್ಟುತ್ತೇವೆ. ಅದಕ್ಕೆ ಹರಳಿನ ಮನೆ ಎನ್ನುತ್ತೇನೆ. ಗೋಡೆ ಎತ್ತರವಾದರೆ ಹರಳು ಮುಚ್ಚಿಹೋಗುತ್ತದೆ, ತಗ್ಗಾದರೆ ಉದುರುತ್ತದೆ. ಒಡವೆಯನ್ನು ಬಿಸಿ ಅರಗಿನ ಮೇಲೆ ಕಚ್ಚಿಸಿ, ಅರಗು ಆರಿದ ಮೇಲೆ ಹರಳಿಟ್ಟು, ಗೋಡೆಯ ಅಂಚನ್ನು ನಾಲ್ಕು ದಿಕ್ಕಿನಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳಬೇಕು. ಒಂದೇ ಕಡೆ ಒತ್ತಿದರೆ ಕಲ್ಲು ಓರೆಯಾಗುತ್ತದೆ. ನೈಸರ್ಗಿಕ ಕಲ್ಲು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅದಕ್ಕೇ ಪ್ರತಿ ಕಲ್ಲಿಗೂ ಅದರದೇ ಮನೆ ಕಟ್ಟಬೇಕು. ಯಂತ್ರಕ್ಕೆ ಒಂದೇ ಅಳತೆಯ ನೂರು ಕಲ್ಲು ಬೇಕು. ಕೈಗೆ ಕೈ ಸೇರಿದ ಕಲ್ಲೇ ಅಳತೆ.

ಆಚಾರ್ರು ತೀರಿಕೊಂಡ ಮೇಲೆ ಬೆಂಗಳೂರಿನ ನಗರತಪೇಟೆಗೆ ಹೋದೆ. ಅಲ್ಲಿಯ ಓಣಿಗಳಲ್ಲಿ ಬಂಗಾಳದಿಂದ ಬಂದ ಹುಡುಗರು ಹತ್ತಡಿ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾರೆ. ಅವರ ಕೈ ನೋಡಿ ನಾನೂ ಬಹಳ ಕಲಿತೆ. ಜೈಪುರದಿಂದ ಉಜ್ಜಿದ ಹರಳು ಬರುತ್ತದೆ. ಕಾಲುಗೆಜ್ಜೆ ತಮಿಳುನಾಡಿನ ಸೇಲಂನಿಂದ, ಕೊಲ್ಹಾಪುರದ ಹತ್ತಿರದ ಹುಪರಿಯಿಂದ ಬರುತ್ತದೆ. ಭರತನಾಟ್ಯದ ಹುಡುಗಿಯರು ಹಾಕುವ ಕೆಂಪು ಹರಳಿನ ಒಡವೆ ನಾಗರಕೋಯಿಲ್ ಹತ್ತಿರದ ವಡಶೇರಿಯ ಪರಂಪರೆ. ಅಲ್ಲಿ ಬೆಳ್ಳಿಯ ಮೇಲೆ ಚಿನ್ನದ ರೇಕು ಹೊದಿಸಿ ಕೆಂಪು ಕೂರಿಸುತ್ತಾರೆ. ಆ ಊರುಗಳು ತಮ್ಮ ಕಸುಬನ್ನು ಹೆಸರು ಮಾಡಿ ಉಳಿಸಿಕೊಂಡವು. ನಮ್ಮ ಕಡೆಯ ಡಾಬು ಮಾಡುವ ಕೈಗಳು ಹೆಸರಿಲ್ಲದೆ ಹೋದವು. ಇದರಲ್ಲಿ ನನ್ನದೂ ಪಾಲಿದೆ. ಮೂವತ್ತು ವರ್ಷದಲ್ಲಿ ನಾನು ಈ ಊರಿನ ಒಬ್ಬ ಹುಡುಗನಿಗೂ ಕೆಲಸ ಕಲಿಸಲಿಲ್ಲ.

ಬೆಂಗಳೂರಿನಲ್ಲಿ ಒಮ್ಮೆ ಆ ಮೂರು ಹರಳನ್ನು ಪರೀಕ್ಷೆಗೆ ಕೊಟ್ಟೆ. ಎರಡು ಮನುಷ್ಯ ಮಾಡಿದ ಮಾಣಿಕ್ಯ ಎಂದು ತಿಳಿಯಿತು. ಫ್ರಾನ್ಸಿನ ವೆರ್ನೇಯಿ ಎಂಬ ವಿಜ್ಞಾನಿ 1902ರಲ್ಲಿ ಕುಲುಮೆಯ ಉರಿಯಲ್ಲಿ ಮಾಣಿಕ್ಯ ಬೆಳೆಸುವ ದಾರಿ ಪ್ರಕಟಿಸಿದ. ಅಂಥ ಕಲ್ಲು ಗಟ್ಟಿತನದಲ್ಲಿ, ಪದಾರ್ಥದಲ್ಲಿ ನಿಜವಾದ ಮಾಣಿಕ್ಯವೇ. ಮೇಷ್ಟ್ರ ಬೆಣಚುಕಲ್ಲಿಗೆ ಅದು ಸಿಕ್ಕಿಬೀಳಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅದರ ಬೆಳೆದ ಗೆರೆಗಳು ಬಾಗಿರುತ್ತವೆ, ನೆಲದಲ್ಲಿ ಬೆಳೆದದ್ದರಲ್ಲಿ ನೇರವಾಗಿರುತ್ತವೆ. ನಡುವಿನ ದೊಡ್ಡ ಹರಳು ಒಂದು ಮಾತ್ರ ನೆಲದಲ್ಲಿ ಹುಟ್ಟಿದ ಕೆಂಪು. ಒಳಗೆ ಬಿರುಕು ಇದೆ, ಸ್ವಲ್ಪ ಮಬ್ಬು. ಮಾರಿದರೆ ದೊಡ್ಡ ಬೆಲೆ ಬರುವ ಕಲ್ಲಲ್ಲ. ಆದರೆ ಬೆಲೆ ಇಲ್ಲ ಅನ್ನುವ ಮಾತು ಸುಳ್ಳು. ಏಳರಲ್ಲಿ ನಾಲ್ಕು ಗಾಜು, ಎರಡು ಕುಲುಮೆಯದು, ಒಂದು ನೆಲದ್ದು. ಎಲ್ಲದರ ಹಿಂದೆಯೂ ಹೊಳೆಯುವ ತೆಳು ತಗಡು ಇಟ್ಟಿದ್ದರಿಂದ ಏಳೂ ಒಂದೇ ಹಾಗೆ ಹೊಳೆಯುತ್ತಿದ್ದವು. ಗೊತ್ತಿಲ್ಲದ ಕಣ್ಣಿಗೆ ಏಳೂ ಮಾಣಿಕ್ಯ, ತಕ್ಕಡಿಗೆ ಏಳೂ ಕಸ. ಎರಡೂ ಸರಿಯಲ್ಲ. ಏನೆಂದು ತಿಳಿದುಕೊಂಡ ಮೇಲೆ ಕೊಡುವುದೋ ಇಟ್ಟುಕೊಳ್ಳುವುದೋ ಎಂದು ತೀರ್ಮಾನ ಮಾಡಬೇಕು. ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೊಂದೇ.

ಇದು ಯಾಕೆ ಈಗ ಮುಖ್ಯ ಅಂದರೆ, 2024ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ಮುಟ್ಟಿತು, ಆಮೇಲೆ ಇನ್ನೂ ಏರಿತು. ಬೆಲೆ ಏರಿದಾಗಲೆಲ್ಲ ಹಳೆಯ ಒಡವೆಗಳು ಮಡಕೆಯಿಂದ ಎದ್ದು ಮೂಸೆಗೆ ಹೋಗುತ್ತವೆ. ಕಷ್ಟಕ್ಕೆ ಮಾರುವವರನ್ನು ಬೇಡ ಎನ್ನಲು ನಾನು ಯಾರು? ನಮ್ಮವ್ವನೂ ಮಾರಿದಳು, ಆ ಬೀಜದಿಂದಲೇ ಮುಂದಿನ ವರ್ಷ ನಾವು ಉಂಡೆವು. ಆದರೆ ಮಾರುವ ಮುಂಚೆ ಕೆಲವು ಕೆಲಸ ಮಾಡಿ.

ಒಂದು, ಮನೆಯಿಂದ ಹೊರಡುವ ಮುಂಚೆ ಒಡವೆಯನ್ನು ತೂಗಿ, ಮುಂದೆ ಹಿಂದೆ ಫೋಟೋ ತೆಗೆದುಕೊಳ್ಳಿ. ಹರಳು ಎಷ್ಟಿವೆ ಎಂದು ಎಣಿಸಿ ಬರೆದುಕೊಳ್ಳಿ. ಹರಳು ಕಿತ್ತರೆ ವಾಪಸ್ ಕೇಳಿ ತೆಗೆದುಕೊಳ್ಳಿ. ಅದು ನಿಮ್ಮದು.

ಎರಡು, ದುಡ್ಡು ಸ್ವಲ್ಪ ದಿನಕ್ಕೆ ಮಾತ್ರ ಬೇಕಿದ್ದರೆ ಮಾರಬೇಡಿ, ಅಡವಿಡುವ ದಾರಿ ನೋಡಿ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನ ಮತ್ತು ಬೆಳ್ಳಿ ಒಡವೆಗಳ ಮೇಲಿನ ಸಾಲಕ್ಕೆ ಹೊಸ ನಿಯಮ ಹೊರಡಿಸಿದೆ. 2026ರ ಏಪ್ರಿಲ್ 1ರೊಳಗೆ ಅದನ್ನು ಜಾರಿಗೆ ತರಬೇಕು ಎಂದು ಹೇಳಿದೆ. ಅಲ್ಲಿಯೂ ಲೆಕ್ಕಕ್ಕೆ ಬರುವುದು ಲೋಹದ ಬೆಲೆ ಮಾತ್ರ, ಹರಳಿನ ಬೆಲೆ ಸೇರುವುದಿಲ್ಲ. ಆದರೆ ನಿಮ್ಮ ಎದುರಿಗೇ ಪರೀಕ್ಷೆ ಮಾಡಬೇಕು, ಹರಳು, ಅರಗು ಇವುಗಳಿಗೆ ಎಷ್ಟು ತೂಕ ಕಳೆದರು ಎಂದು ಬರೆದು ಕೊಡಬೇಕು ಎಂದಿದೆ. ಆ ಚೀಟಿಯನ್ನು ಕೇಳಿ ಪಡೆಯಿರಿ. ನಮ್ಮವ್ವನಿಗೆ ಸಿಗದ ಚೀಟಿ ಅದು.

ಮೂರು, ಹೊಸದು ಕೊಳ್ಳುವಾಗ ಮುದ್ರೆ ನೋಡಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಬಂದಿದೆ. ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ನೋಡಬಹುದು. ಬೆಳ್ಳಿಗೆ ಇದು ಚಿನ್ನದ ಹಾಗೆ ಕಡ್ಡಾಯ ಎಂದು ಮಾಡಿಲ್ಲ, ಕೇಳುವವರಿಗೆ ಸಿಗುತ್ತದೆ. ಆ ಮುದ್ರೆ ಬೆಳ್ಳಿಗೆ ಮಾತ್ರ, ಹರಳಿಗಲ್ಲ ಎಂಬುದನ್ನೂ ನೆನಪಿಡಿ. ನೈಸರ್ಗಿಕ ಕಲ್ಲು ಎಂದು ಹೇಳಿ ಬೆಲೆ ಹಾಕಿದರೆ ಬಿಲ್ಲಿನಲ್ಲಿ ಹಾಗೇ ಬರೆದುಕೊಡಲು ಹೇಳಿ.

ನಾಲ್ಕು, ಇರುವುದನ್ನು ಜೋಪಾನ ಮಾಡಿ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ, ಅದು ಕೆಟ್ಟ ಬೆಳ್ಳಿಯ ಗುರುತಲ್ಲ. ಹರಳಿಲ್ಲದ ಬೆಳ್ಳಿಯನ್ನು ಹುಣಸೆಹಣ್ಣಿನಲ್ಲಿ ತೊಳೆಯಿರಿ, ವಿಭೂತಿಯಲ್ಲಿ ಉಜ್ಜಿರಿ, ತೊಂದರೆ ಇಲ್ಲ. ಹರಳಿರುವ ಹಳೆಯ ಒಡವೆಯನ್ನು ಮಾತ್ರ ನೀರಿನಲ್ಲಿ ನೆನೆಸಬೇಡಿ. ಹಿಂದಿನ ತಗಡಿಗೆ ನೀರು ಇಳಿದರೆ ಹರಳು ಸತ್ತಂತೆ ಕಾಣುತ್ತದೆ. ಮುತ್ತು, ಹವಳಗಳಿಗೆ ಹುಳಿ ತಾಗಿಸಲೇಬೇಡಿ, ಅವು ಸುಣ್ಣದ ಜಾತಿ, ಹುಳಿಗೆ ಕರಗುತ್ತವೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಸುಗೆ ಬಿಟ್ಟಿದ್ದರೆ ಹರಳು ತೆಗೆಯದೆ ಬೆಂಕಿ ಹಿಡಿಯುವವರ ಕೈಗೆ ಕೊಡಬೇಡಿ. ಇನ್ನೊಂದು ಮಾತು, ನಮ್ಮ ಮೇಷ್ಟ್ರು ಮಾಡಿದ ಹಾಗೆ ಬೆಣಚಿನ ಮೇಲೆ ಗೀರಿ ನೋಡಬೇಡಿ. ಅವು ಮೊದಲೇ ಕಿತ್ತ ಕಲ್ಲುಗಳು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದರೆ ಗಾಜಿನೊಳಗೆ ಎಷ್ಟೋ ಸಲ ದುಂಡು ಗುಳ್ಳೆಗಳು ಕಾಣುತ್ತವೆ.

ಕಸುಬು ಕಲಿಯಬೇಕು ಎನ್ನುವ ಹುಡುಗ ಹುಡುಗಿಯರಿಗೆ ಒಂದು ಮಾತು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಅಕ್ಕಸಾಲಿಗರ ಕೆಲಸವೂ ಇದೆ. ಕಸುಬು ಮಾಡುತ್ತಿರುವವರಿಗೆ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. ಆದರೆ ಒಂದು ವಾರದ ತರಬೇತಿಯಿಂದ ಹರಳಿನ ಮನೆ ಕಟ್ಟಲು ಬರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಅದನ್ನು ಕಲಿಸುವ ಜವಾಬ್ದಾರಿ ನನ್ನಂಥವರದು. ಬರುವ ಬೇಸಿಗೆ ರಜೆಯಿಂದ ತಿಂಗಳಿಗೆ ಎರಡು ಭಾನುವಾರ ನಾನು ಊರಿಗೆ ಬಂದು ಕೂರುತ್ತೇನೆ. ಯಾವ ಮನೆಯ ಮಕ್ಕಳಾದರೂ ಸರಿ. ಮೊದಲು ಕಸ ಗುಡಿಸಬೇಕು, ಅಷ್ಟೇ.

ಕಡೆಯದಾಗಿ, ಇವತ್ತು ನಾನು ಎರಡು ವಸ್ತು ತಂದಿದ್ದೇನೆ. ಒಂದು, ಶಾಲೆಯ ವಿಜ್ಞಾನ ಕೋಣೆಗೆ ಒಂದು ಪೆಟ್ಟಿಗೆ. ಅದರಲ್ಲಿ ಒಂದು ತುಂಡು ಗಾಜು, ಒಂದು ಬೆಣಚು, ಒಂದು ಕುರುಂದ, ಒಂದು ಮಸೂರ ಇವೆ. ನಮ್ಮ ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಯಿತು. ಅವರ ಪಾಠ ಮುಂದುವರಿಯಲಿ.

ಇನ್ನೊಂದು, ಈ ಬಿಲ್ಲೆ. ಅಜ್ಜಿಯ ಡಾಬಿನ ಏಳೂ ಹರಳನ್ನು ಹೊಸ ಬೆಳ್ಳಿಯಲ್ಲಿ ಮೊದಲಿನ ಹಾಗೇ ಕೂರಿಸಿದ್ದೇನೆ. ಹೋದ ದೀಪಾವಳಿಗೆ ಅವ್ವನಿಗೆ ಕೊಟ್ಟೆ. ಅವಳಿಗೆ ಈಗ ಕಣ್ಣು ಮಂಜು. ಬೆರಳಾಡಿಸಿ ಏಳನ್ನೂ ಎಣಿಸಿದಳು. ನಾಲ್ಕು ಗಾಜು ಅಂತ ಗೊತ್ತಿದ್ದೂ ಯಾಕೆ ಹಾಕಿದೆ, ಒಳ್ಳೇ ಕೆಂಪು ಹಾಕಬಹುದಿತ್ತಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಅವ್ವನೇ ಉತ್ತರ ಕೊಟ್ಟಳು. "ನಮ್ಮತ್ತೆ ಕಟ್ಟಿದ್ದು ಇವನ್ನೇ ಕಣಮ್ಮ" ಅಂದಳು.

ಸಭೆ ಮುಗಿದ ಮೇಲೆ ಸಂಜೆಯವರೆಗೂ ಶಾಲೆಯ ಅಂಗಳದಲ್ಲಿ ಮಸೂರ, ತಕ್ಕಡಿ ಇಟ್ಟುಕೊಂಡು ಕೂತಿರುತ್ತೇನೆ. ಮನೆಯಲ್ಲಿರುವ ಹಳೆಯ ಬೆಳ್ಳಿ ತನ್ನಿ, ಏನಿದೆ ಎಂದು ನೋಡಿ ಹೇಳುತ್ತೇನೆ. ಕೊಳ್ಳುವುದಿಲ್ಲ, ಕಾಸೂ ಕೇಳುವುದಿಲ್ಲ.